ಪರಿಹಾರವು ಭಿಕ್ಷೆಯಲ್ಲ

ಸೆಪ್ಟೆಂಬರ್ ತಿಂಗಳ 23ನೆಯ ತಾರೀಖು ನಮ್ಮ ರಾಜ್ಯದಲ್ಲಿ ಪೌರಕಾರ್ಮಿಕರ ದಿನವೆಂದು ಆಚರಿಸಲ್ಪಡುತ್ತದೆ. ಅಂತಹ ಒಂದು ಸಮಾರಂಭಕ್ಕೆ ನಿವೃತ್ತ ಉಪಾಧ್ಯಾಯನೆಂಬ ಗೌರವದಿಂದ ನನ್ನನ್ನೂ ಕರೆದಿದ್ದರು. ಬೀದಿ ಗುಡಿಸುವ ಹೆಣ್ಣುಮಕ್ಕಳಿಗೆ ಅರಿಸಿನ ಕುಂಕುಮಗಳೊಡನೆ ಸೀರೆ, ಗಂಡಸರಿಗೆ ಶಾಲು ಹಾರ ಹಣ್ಣುಗಳು, ಅನಂತರ ಸಿಹಿಯೂಟ. ಎಲ್ಲವೂ ಯಥೋಚಿತವಾಗಿಯೇ ನಡೆದುವು. ಕೊನೆಯಲ್ಲಿ ಮಾತನಾಡಿದ ಮಹನೀಯರೊಬ್ಬರು, "ಕೆಲಸದಲ್ಲಿ ಪೆಟ್ಟುಬಿದ್ದವರನ್ನು ನಾವೆಂದೂ ಕೈಬಿಟ್ಟವರಲ್ಲ, ಕಾನೂನಿನಲ್ಲಿ ಇರಲಿ, ಇಲ್ಲದಿರಲಿ, ದಯೆಯಿಂದ ನಮ್ಮ ಕೈಲಾದುದನ್ನು ಕೊಡುತ್ತಲೇ ಬಂದಿದ್ದೇವೆ" ಎಂದರು. ಸಭೆಯು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆನು. ಆದರೆ ಊರಿಗೆ ಹಿಂದಿರುಗುವ ದಾರಿಯಲ್ಲಿ ಆ ಒಂದು ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ನಟ್ಟು, ಇಂದಿಗೂ ಹೊರಗೆ ಬಂದಿಲ್ಲ. ಆ ಮುಳ್ಳನ್ನು ವಾಚಕಮಹಾಶಯರ ಎದುರಿಗೆ ತೆಗೆದಿರಿಸುವುದೇ ಈ ಲೇಖನದ ಉದ್ದೇಶ.

ನಾನು ಸಾಧಿಸಬೇಕೆಂದಿರುವುದು ಒಂದೇ ವಿಷಯ. ಗ್ರಾಮದ ಅಥವಾ ನಗರದ ಕೆಲಸವನ್ನು ಮಾಡುತ್ತ ಗಾಯಗೊಂಡವನಿಗೂ, ಸತ್ತವನ ಸಂಸಾರಕ್ಕೂ ಸಲ್ಲತಕ್ಕ ಹಣವು ದಾನವಲ್ಲ, ಋಣ. ದಾನವನ್ನು ಕೊಡುವವನು ಇಷ್ಟಬಂದಾಗ, ಇಷ್ಟಬಂದಷ್ಟು ಕೊಡಬಹುದು. ಕೊಡದಿದ್ದರೂ ಅವನನ್ನು ಕೇಳುವವರಿಲ್ಲ. ಋಣವು ಹಾಗಲ್ಲ. ಅದಕ್ಕೆ ಮೊತ್ತವುಂಟು, ಗಡುವುಂಟು, ಬಡ್ಡಿಯುಂಟು, ತೀರಿಸದವನು ದೋಷಿ. ಋಣವನ್ನು ದಾನವೆಂದು ಹೆಸರಿಟ್ಟು ಕರೆದೊಡನೆ ಸಾಲಗಾರನು ದಾನಶೂರನಾಗುತ್ತಾನೆ. ಸಾಲ ಕೊಟ್ಟವನು ತಿರುಕನಾಗುತ್ತಾನೆ. ನಮ್ಮ ಊರುಗಳಲ್ಲಿ ಇಂದು ನಡೆಯುತ್ತಿರುವುದು ಇದೇ.

ಈ ಕೆಲಸಗಾರರು ಯಾರೆಂಬುದನ್ನು ಮೊದಲು ನೋಡೋಣ. ನಮ್ಮ ದೇಶನೂರಿನಂತಹ ಊರಿನಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಪಂಪಿನ ಮನೆಯ ಬಾಗಿಲನ್ನು ತೆರೆಯುವವನು ನೀರುಗಂಟಿ. ನೆಲವೆಲ್ಲ ಒದ್ದೆ, ಸ್ಟಾರ್ಟರಿನ ಪೆಟ್ಟಿಗೆಗೆ ಮುಚ್ಚಳವಿದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಆಳುದ್ದದ ಗುಂಡಿಯೊಳಗಿನ ವಾಲ್ವನ್ನು ತಿರುಗಿಸುವಾಗ ಅಲ್ಲಿ ಹಾವಿದೆಯೋ ಚೇಳಿದೆಯೋ ನೋಡಲು ದೀಪವಿಲ್ಲ. ಕಂಬಿಯೇಣಿಯನ್ನು ಹತ್ತಿ ಮೇಲ್ತೊಟ್ಟಿಗೆ ಬಿಳುಪಿನ ಪುಡಿಯನ್ನು ಹಾಕುವವನೂ ಅವನೇ. ಬೀದಿಯ ದೀಪ ಕೆಟ್ಟರೆ, ತನ್ನ ಉದ್ಯೋಗವಲ್ಲದಿದ್ದರೂ, ಕಂಬವನ್ನು ಹತ್ತತಕ್ಕವನೂ ಅವನೇ. ಸಿರುಗುಪ್ಪ, ಕುರುಗೋಡು, ಬಳ್ಳಾರಿಯಂತಹ ಪಟ್ಟಣಗಳಿಗೆ ಹೋದರೆ ಒಡೆದ ಗಾಜು, ಆಸ್ಪತ್ರೆಯ ಸೂಜಿ ಇವುಗಳಿಂದ ಬೆರೆತ ಕಸವನ್ನು ಬರಿಗೈಯಿಂದ ಬಾಚುವವರೂ, ಚರಂಡಿಯ ಹೂಳನ್ನು ಎತ್ತುವವರೂ, ನಡುಬೇಸಗೆಯಲ್ಲಿ ನಲವತ್ತು ಡಿಗ್ರಿಯ ಬಿಸಿಲಿನ ಕೆಳಗೆ ರಸ್ತೆಯನ್ನು ಗುಡಿಸುವವರೂ ಕಣ್ಣಿಗೆ ಬೀಳುತ್ತಾರೆ. ಇವರು ಒಂದು ದಿನ ಕೈಕಟ್ಟಿ ಕುಳಿತರೆ ನಮ್ಮ ಸ್ನಾನವಿಲ್ಲ, ಸಂಧ್ಯೆಯಿಲ್ಲ, ಅಡಿಗೆಯಿಲ್ಲ. ನಮ್ಮ ಶೌಚವೂ ಮಡಿಯೂ ಅವರ ಮೈಮೇಲೆ ನಿಂತಿವೆ.

ಈಗ ನನ್ನ ಸ್ವಂತ ದೋಷವನ್ನು ಹೇಳಿಕೊಳ್ಳಬೇಕಾಗಿದೆ. ನಮ್ಮ ಸೀಮೆಯ ಒಂದು ಗ್ರಾಮದಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ನೀರುಗಂಟಿಯಾಗಿದ್ದನು. ಅವನಿಗೆ ಬಳಪ ಹಿಡಿಯುವುದನ್ನು ಕಲಿಸಿದವನು ನಾನು. ತನ್ನ ಹೆಸರನ್ನು ಬರೆಯಲು ಕಲಿತ ದಿನ ಅವನು ಸ್ಲೇಟನ್ನು ಎದೆಗೆ ಅವಚಿಕೊಂಡು ಮನೆಗೆ ಓಡಿದ್ದು ನನಗೆ ಇನ್ನೂ ನೆನಪಿದೆ. ಕೆಲವು ವರ್ಷಗಳ ಹಿಂದೆ, ಅವನಿಗೆ ನಲವತ್ತು ವರ್ಷ ನಡೆಯುತ್ತಿದ್ದಾಗ, ಒಂದು ಮುಂಜಾವದಲ್ಲಿ ಮುಚ್ಚಳವಿಲ್ಲದ ಸ್ಟಾರ್ಟರಿನಿಂದ ವಿದ್ಯುತ್ತು ಹೊಡೆದು ಬಲಗೈ ಸುಟ್ಟುಹೋಯಿತು. ಜೀವ ಉಳಿಯಿತು, ಹೆಬ್ಬೆರಳು ಉಳಿಯಲಿಲ್ಲ. ತಿಂಗಳಿಗೆ 12,000 ರೂಪಾಯಿಗಳ ಸಂಬಳ. ಮುಚ್ಚಳ ಒಡೆದಿದೆಯೆಂದು ಎರಡು ಸಲ ಬಾಯಿಮಾತಿನಲ್ಲಿ ಹೇಳಿದ್ದನಂತೆ, ಬಾಯಿಮಾತಿಗೆ ಸಾಕ್ಷಿಯೆಲ್ಲಿ?

ಕೆಲವು ದಿನಗಳಾದ ಮೇಲೆ ಆ ಊರಿನ ಹಿರಿಯರು ನನ್ನಲ್ಲಿಗೆ ಬಂದರು. ಅವನಿಗೆ 20,000 ರೂಪಾಯಿಗಳನ್ನು ಕೊಡುವುದಾಗಿ ಎಲ್ಲರೂ ಕೂಡಿ ಗೊತ್ತುಮಾಡಿದ್ದಾರೆ. ಮುಂದೆ ಯಾವ ತಂಟೆಯೂ ಬಾರದಂತೆ ಒಂದು ಒಪ್ಪಿಗೆಯ ಪತ್ರ ಬೇಕು. "ನಿಮ್ಮ ಕನ್ನಡ ಚೆನ್ನಾಗಿದೆ, ನೀವೇ ಬರೆದುಕೊಡಿ" ಎಂದರು. ನಾನು ಬರೆದುಕೊಟ್ಟೆನು. "ಸ್ವಸಂತೋಷದಿಂದಲೂ, ಯಾರ ಒತ್ತಾಯವೂ ಇಲ್ಲದೆಯೂ, ಇನ್ನು ಮುಂದೆ ಯಾವ ಹಕ್ಕುಬಾಧ್ಯತೆಯೂ ಇಲ್ಲವೆಂದು" ಎಂಬ ವಾಕ್ಯವು ನನ್ನದೇ ರಚನೆ. ವ್ಯಾಕರಣದೋಷ ಒಂದೂ ಇರಲಿಲ್ಲ. ಹೆಸರು ಬರೆಯಬಲ್ಲವನಾಗಿದ್ದ ನನ್ನ ಶಿಷ್ಯನು, ಬಲಗೈಗೆ ಬಟ್ಟೆ ಸುತ್ತಿದ್ದುದರಿಂದ, ಎಡಗೈ ಹೆಬ್ಬೆರಳನ್ನು ಒತ್ತಿದನು. ಒತ್ತಿ ನನ್ನ ಕಾಲಿಗೆ ನಮಸ್ಕಾರ ಮಾಡಿದನು. ದ್ರೋಣನು ಏಕಲವ್ಯನ ಹೆಬ್ಬೆರಳನ್ನು ಕೇಳಿ ಪಡೆದನೆಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಕೇಳದೆಯೇ ಪಡೆದೆನೆಂಬುದು ಅಂದು ನನಗೆ ತಿಳಿಯಲಿಲ್ಲ. ಒಬ್ಬ ಬಡವನಿಗೆ ಉಪಕಾರ ಮಾಡಿದೆನೆಂದು ಸುಖವಾಗಿ ನಿದ್ರೆಮಾಡಿದೆನು.

ಆಮೇಲೆ ಶಾಸನವನ್ನು ಓದಿದೆನು. ಓದಬೇಕಾದದ್ದು ಬರೆಯುವುದಕ್ಕೆ ಮೊದಲು, ಓದಿದ್ದು ಅನಂತರ. ಈ ಕ್ರಮಭಂಗವೇ ನಮ್ಮ ವಿದ್ಯಾವಂತರ ದೊಡ್ಡ ರೋಗವೆಂದು ತೋರುತ್ತದೆ.

ಕೆಲಸಗಾರನ ಗಾಯಕ್ಕೆ ಕೆಲಸ ಮಾಡಿಸುವವನೇ ಹೊಣೆಯೆಂಬ ನಿಯಮವನ್ನು ಜರ್ಮನಿಯು 1884ರಲ್ಲಿಯೂ, ಇಂಗ್ಲೆಂಡು 1897ರಲ್ಲಿಯೂ ಶಾಸನವಾಗಿ ಮಾಡಿಕೊಂಡುವು. ನಮ್ಮ ದೇಶದಲ್ಲಿ ಕೆಲಸಗಾರರ ಪರಿಹಾರದ ಅಧಿನಿಯಮವು 1923ರಲ್ಲಿ ಹುಟ್ಟಿ 1924ರ ಜುಲೈ 1ರಿಂದ ಜಾರಿಗೆ ಬಂದಿತು. ಆಗ ನಮ್ಮ ಬಳ್ಳಾರಿಯು ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಎಂದರೆ ತುಂಗಭದ್ರೆಯ ಕಾಲುವೆಯ ನೀರು ನಮ್ಮ ಬತ್ತದ ಗದ್ದೆಗಳಿಗೆ ಬರುವುದಕ್ಕೆ ಎಷ್ಟೋ ಮೊದಲೇ ಈ ಶಾಸನವು ನಮ್ಮ ಜಿಲ್ಲೆಗೆ ಬಂದಿತ್ತು. ನೀರು ಗದ್ದೆಯನ್ನು ಮುಟ್ಟಿತು. ಶಾಸನವು ಪಂಪಿನ ಮನೆಯನ್ನು ಮುಟ್ಟಲಿಲ್ಲ. ಇದಕ್ಕೆ 2009ರ ತಿದ್ದುಪಡಿಯಿಂದ ನೌಕರರ ಪರಿಹಾರ ಅಧಿನಿಯಮವೆಂಬ ಹೆಸರಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಇದು ಲೀನವಾಯಿತು. ಹೆಸರು ಹೋಯಿತೇ ಹೊರತು ತತ್ತ್ವ ಹೋಗಲಿಲ್ಲ. ಸಂಹಿತೆಯ ಏಳನೆಯ ಅಧ್ಯಾಯವು ಅದೇ ಹೊಣೆಯನ್ನು ಮುಂದುವರಿಸಿದೆ.

ಲೆಕ್ಕವು ಮಾಸ್ತರರಿಗೆ ಪ್ರಿಯವಾದದ್ದು. ಆದುದರಿಂದ ಲೆಕ್ಕವನ್ನೇ ಮಾಡಿ ತೋರಿಸುತ್ತೇನೆ. ಸಂಪೂರ್ಣವಾಗಿಯೂ ಶಾಶ್ವತವಾಗಿಯೂ ಅಂಗವಿಕಲನಾದವನಿಗೆ ತಿಂಗಳ ಸಂಬಳದ ನೂರಕ್ಕೆ 60ರಷ್ಟನ್ನು ಅವನ ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. ನಲವತ್ತು ವರ್ಷದವನಿಗೆ 1923ರ ಶಾಸನದ ಪಟ್ಟಿಯು ಕೊಟ್ಟಿದ್ದ ಗುಣಕ 184.17. ಸಂಬಳ 12,000 ಆದರೆ ಅದರ ನೂರಕ್ಕೆ 60 ಎಂದರೆ 7,200. ಗುಣಿಸಿದರೆ 13,26,024 ರೂಪಾಯಿ. ಹೆಬ್ಬೆರಳೊಂದರ ನಷ್ಟವನ್ನು ಆ ಶಾಸನದ ಮೊದಲನೆಯ ಅನುಸೂಚಿಯು ನೂರಕ್ಕೆ 30 ಎಂದು ಗೊತ್ತುಮಾಡಿತ್ತು. ಆದಕಾರಣ ನನ್ನ ಶಿಷ್ಯನಿಗೆ ಸಲ್ಲಬೇಕಾಗಿದ್ದ ಋಣ 3,97,807 ರೂಪಾಯಿ. ನಾನು ಸುಂದರವಾದ ಕನ್ನಡದಲ್ಲಿ ಬರೆದುಕೊಟ್ಟದ್ದು 20,000. ಉಳಿದ 3,77,807 ರೂಪಾಯಿಗಳನ್ನು ಅವನ ಮಕ್ಕಳ ಬಾಯಿಯಿಂದ ಕಸಿದುಕೊಂಡ ಲೇಖನಿ ನನ್ನದು. ಅವನು ಸತ್ತೇಹೋಗಿದ್ದರೆ ನೂರಕ್ಕೆ 50ರ ಲೆಕ್ಕದಂತೆ ಅವನ ಹೆಂಡತಿಗೆ 11,05,020 ರೂಪಾಯಿ ಸಲ್ಲಬೇಕಾಗಿತ್ತು. ಹಣವು ಸಲ್ಲತಕ್ಕ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ನೂರಕ್ಕೆ 12ರಂತೆ ಬಡ್ಡಿ. ತಕ್ಕ ಕಾರಣವಿಲ್ಲದೆ ತಡಮಾಡಿದರೆ ಅಸಲಿನ ಅರ್ಧದವರೆಗೆ ದಂಡ. ದಾನಕ್ಕೆ ಬಡ್ಡಿಯನ್ನೂ ದಂಡವನ್ನೂ ವಿಧಿಸಿದ ಶಾಸ್ತ್ರವನ್ನು ಯಾರಾದರೂ ಕಂಡಿದ್ದಾರೆಯೆ?

ಇನ್ನೂ ಒಂದು ಕಲಮು ನನ್ನನ್ನು ತಲೆಯೆತ್ತದಂತೆ ಮಾಡಿತು. ಪರಿಹಾರದ ಹಕ್ಕನ್ನು ಬಿಟ್ಟುಕೊಡುತ್ತೇನೆಂದು ನೌಕರನು ಬರೆದುಕೊಡುವ ಯಾವ ಕರಾರೂ ಆ ಹಕ್ಕಿನ ಮಟ್ಟಿಗೆ ಅಸಿಂಧುವೆಂದು 1923ರ ಶಾಸನದ 17ನೆಯ ಕಲಮು ಹೇಳಿತ್ತು. ಎಂದರೆ ನನ್ನ ಪತ್ರವು ಅನ್ಯಾಯ ಮಾತ್ರವಲ್ಲ, ನಿರರ್ಥಕವೂ ಹೌದು. ಆದರೂ ಅದು ತನ್ನ ಕೆಲಸವನ್ನು ಮಾಡಿತು. ಹೇಗೆಂದರೆ, ಅದು ನಿರರ್ಥಕವೆಂಬುದು ಅವನಿಗೆ ತಿಳಿಯದು. ಗುರುಗಳೇ ಬರೆದದ್ದು ಸರಿಯಾಗಿಯೇ ಇರಬೇಕೆಂದು ಅವನು ನಂಬಿದನು. ನಂಬಿ ಕುಳಿತಿರುವಾಗ ಅರ್ಜಿಗೆ ಗೊತ್ತಾದ ಎರಡು ವರ್ಷಗಳು ಕಳೆದುಹೋದುವು.

ಇದು ಪಾಶ್ಚಾತ್ಯರಿಂದ ತಂದ ಹೊಸ ಪದ್ಧತಿ, ನಮ್ಮ ಸಂಪ್ರದಾಯಕ್ಕೆ ಸೇರಿದ್ದಲ್ಲ ಎನ್ನುವವರುಂಟು. ಪಾಠಶಾಲೆಯಲ್ಲಿ ಕಲಿತವನಾದ ನಾನು ಇದನ್ನು ಒಪ್ಪಲಾರೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳಿಗೆ 1905ರಲ್ಲಿ ದೊರೆತು 1909ರಲ್ಲಿ ಅವರಿಂದಲೇ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಐದನೆಯ ಅಧಿಕರಣದ ಮೂರನೆಯ ಅಧ್ಯಾಯವು ಭೃತ್ಯರ ಭರಣವನ್ನು ಕುರಿತದ್ದು. ಕೆಲಸದಲ್ಲಿ ಸತ್ತವರ ಹೆಂಡಿರು ಮಕ್ಕಳಿಗೆ ಊಟವೂ ವೇತನವೂ ಸಲ್ಲತಕ್ಕದ್ದೆಂದೂ, ಅವರ ಮನೆಯ ಬಾಲರನ್ನೂ ವೃದ್ಧರನ್ನೂ ರೋಗಿಗಳನ್ನೂ ರಾಜನು ನೋಡಿಕೊಳ್ಳಬೇಕೆಂದೂ ಅಲ್ಲಿ ವಿಧಿಯಿದೆ. ಈ ಮಾತು ದಾನಧರ್ಮಗಳ ಪ್ರಕರಣದಲ್ಲಿಲ್ಲ, ಸಂಬಳದ ಪ್ರಕರಣದಲ್ಲಿದೆ. ಎಲ್ಲಿ ಇಟ್ಟಿದ್ದಾನೆಂಬುದೇ ಅದರ ಅರ್ಥ.

ಗ್ರಂಥವು ಬೇಡ, ಕಲ್ಲನ್ನಾದರೂ ನೋಡಿ. ನಮ್ಮ ನಾಡಿನ ಊರೂರುಗಳಲ್ಲಿ ವೀರಗಲ್ಲುಗಳಿವೆ. ತುರುಗೊಳಿನಲ್ಲಿಯೂ ಊರಳಿವಿನಲ್ಲಿಯೂ ಕಾದಿ ಮಡಿದವನ ಮನೆಯವರಿಗೆ ಕೊಟ್ಟ ಭೂಮಿಗೆ ಶಾಸನಗಳಲ್ಲಿ ನೆತ್ತರುಗೊಡಗೆಯೆಂಬ ಹೆಸರುಂಟು. ಬೆಂಗಳೂರಿನ ಸಮೀಪದ ಬೇಗೂರಿನ ಪ್ರಸಿದ್ಧವಾದ ಗಂಗರ ಕಾಲದ ವೀರಗಲ್ಲಿನಲ್ಲಿ, ನಾಗತ್ತರನು ಯುದ್ಧದಲ್ಲಿ ಮಡಿಯಲು ಎರೆಯಪನು ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ ವಿವರವಿದೆ. ಕೊಡಗೆಯನ್ನು ಕಲ್ಲಿನಲ್ಲಿ ಕೊರೆಯಿಸಿದ್ದೇಕೆ? ಮುಂದೆ ಯಾರೂ ಇಲ್ಲವೆನ್ನಬಾರದೆಂದು. ಊರಿನ ದನಗಳನ್ನು ಉಳಿಸಲು ಸತ್ತವನಿಗೆ ನೆತ್ತರುಗೊಡಗೆ ಸಲ್ಲುವುದಾದರೆ, ಊರಿನ ಜನಕ್ಕೆ ನೀರು ಬಿಡಲು ಹೋಗಿ ಸತ್ತವನಿಗೆ ಅದು ಸಲ್ಲದೆ? ಮಡಿದವನು ಖಾಯಂ ನೌಕರನೋ, ದಿನಗೂಲಿಯವನೋ ಎಂದು ಯಾವ ವೀರಗಲ್ಲೂ ವಿಚಾರಿಸಿದಂತಿಲ್ಲ.

ಈಗ ಪೂರ್ವಪಕ್ಷಗಳನ್ನು ಒಂದೊಂದಾಗಿ ನೋಡೋಣ.

"ಅವನು ನಮ್ಮ ಖಾಯಂ ನೌಕರನಲ್ಲ, ಹಂಗಾಮಿ" ಎಂಬುದು ಮೊದಲನೆಯದು. ಪಂಚಾಯಿತಿಯು ವ್ಯಾಪಾರ ಮಾಡುವ ಸಂಸ್ಥೆಯಲ್ಲವಾದುದರಿಂದ ಈ ಶಾಸನವು ಅದಕ್ಕೆ ತಗಲದು ಎನ್ನುವ ವಾದವೂ ಇದರೊಡನೆ ಬರುತ್ತದೆ. 1923ರ ಶಾಸನವು ತನ್ನ ಎರಡನೆಯ ಕಲಮಿನಲ್ಲಿಯೇ, ಸ್ಥಳೀಯ ಸಂಸ್ಥೆಯು ತನ್ನ ಅಧಿಕಾರ ಕರ್ತವ್ಯಗಳನ್ನು ನಡೆಸುವುದನ್ನೇ ಅದರ ಉದ್ಯಮವೆಂದು ಭಾವಿಸತಕ್ಕದ್ದೆಂದು ಸ್ಪಷ್ಟವಾಗಿ ಹೇಳಿತ್ತು. ಕೊಳವೆಯ ಮಾರ್ಗ, ಒಳಚರಂಡಿ ಇವುಗಳ ಕೆಲಸದವರನ್ನು ಅನುಸೂಚಿಯಲ್ಲಿಯೇ ಹೆಸರಿಸಿತ್ತು. ಆಗೊಮ್ಮೆ ಈಗೊಮ್ಮೆ ಕರೆಯುವ ಕೆಲಸಗಾರನನ್ನು ಹೊರಗಿಡುತ್ತಿದ್ದ ಮಾತನ್ನು 2000ದ ತಿದ್ದುಪಡಿಯು ತೆಗೆದೇಹಾಕಿತು. ವಿದ್ಯುತ್ತು ಹೊಡೆಯುವಾಗ ನೇಮಕಾತಿಯ ಆಜ್ಞೆಯನ್ನು ಓದಿ ಹೊಡೆಯುವುದಿಲ್ಲ. ಪರಿಹಾರ ಕೊಡುವಾಗ ಮಾತ್ರ ಅದನ್ನು ಓದುವುದು ಯಾವ ನ್ಯಾಯ?

"ಅವನು ಗುತ್ತಿಗೆದಾರನ ಆಳು, ಗುತ್ತಿಗೆದಾರನನ್ನೇ ಕೇಳಲಿ" ಎಂಬುದು ಎರಡನೆಯದು. ಇದಕ್ಕೂ ಶಾಸನದಲ್ಲಿ ಉತ್ತರವಿತ್ತು. ಕೆಲಸ ಮಾಡಿಸಿದ ಮೂಲ ಯಜಮಾನನು ಮೊದಲು ಕೊಡಬೇಕು. ಆಮೇಲೆ ಬೇಕಾದರೆ ಗುತ್ತಿಗೆದಾರನಿಂದ ವಸೂಲುಮಾಡಿಕೊಳ್ಳಲಿ. ಗಾಯಗೊಂಡವನು ಇಬ್ಬರ ಬಾಗಿಲುಗಳ ನಡುವೆ ಅಲೆಯಬಾರದೆಂಬುದೇ ಇದರ ಆಶಯ.

"ಅವನದೇ ತಪ್ಪು, ಕುಡಿದಿದ್ದನು, ಅಜಾಗರೂಕನಾಗಿದ್ದನು" ಎಂಬುದು ಮೂರನೆಯದು, ಎಲ್ಲಕ್ಕಿಂತಲೂ ಹೆಚ್ಚಾಗಿ ಕೇಳಿಬರುವಂಥದು. ಕುಡಿತದಿಂದಲೋ, ಸ್ಪಷ್ಟವಾಗಿ ಕೊಟ್ಟ ಆಜ್ಞೆಯನ್ನು ಬೇಕೆಂದೇ ಮೀರಿದುದರಿಂದಲೋ, ರಕ್ಷಣೆಯ ಸಾಧನವನ್ನು ಬೇಕೆಂದೇ ತೆಗೆದುಹಾಕಿದುದರಿಂದಲೋ ಆದ ಗಾಯಕ್ಕೆ ಯಜಮಾನನು ಹೊಣೆಯಲ್ಲವೆಂಬುದು ನಿಜ. ಆದರೆ ಆ ಗಾಯದಿಂದ ಮರಣವೋ ಸಂಪೂರ್ಣವಾದ ಶಾಶ್ವತ ಅಂಗವೈಕಲ್ಯವೋ ಉಂಟಾದಲ್ಲಿ ಈ ವಾದವೂ ನಿಲ್ಲದು. ಬರಿಯ ಅಜಾಗರೂಕತೆಯಂತೂ ಆ ಪಟ್ಟಿಯಲ್ಲಿಯೇ ಇಲ್ಲ. ಇಷ್ಟಕ್ಕೂ, ರಕ್ಷಣೆಯ ಸಾಧನವನ್ನು ತೆಗೆದನೆನ್ನಬೇಕಾದರೆ ಮೊದಲು ಅದನ್ನು ಕೊಟ್ಟಿರಬೇಕಷ್ಟೆ?

"ಎಲ್ಲವೂ ಅವರವರ ಕರ್ಮಫಲ" ಎಂದು ನಿಟ್ಟುಸಿರುಬಿಡುವವರು ಇನ್ನು ಕೆಲವರು. ಇವರಿಗೆ ನನ್ನದು ಒಂದೇ ಪ್ರಶ್ನೆ: ಯಾರ ಕರ್ಮ? ಮುಚ್ಚಳವನ್ನು ಹಾಕಿಸದಿದ್ದುದೂ ಕರ್ಮವೇ ಅಲ್ಲವೆ? ಆ ಕರ್ಮವನ್ನು ಮಾಡಿದವನೊಬ್ಬ, ಫಲವನ್ನು ಉಣ್ಣುವವನಿನ್ನೊಬ್ಬ ಎಂಬುದಾದರೆ ಅದು ಕರ್ಮಸಿದ್ಧಾಂತವಲ್ಲ, ಕಳ್ಳಲೆಕ್ಕ. ಗ್ರಹದೋಷಕ್ಕೆ ಪರಿಹಾರ ಮಾಡಿಸಬೇಕಾದಾಗ ದೋಷವುಳ್ಳವನೇ ಕೈಯಿಂದ ಖರ್ಚುಮಾಡುತ್ತಾನೆ, ನೆರೆಮನೆಯವನಲ್ಲ. ದೋಷವು ಯಾರದೋ ಪರಿಹಾರವೂ ಅವರದೇ. ಪರಿಹಾರವೆಂಬ ಶಬ್ದವನ್ನು ಇಟ್ಟುಕೊಂಡ ನಾವು ಅದರ ಅರ್ಥವನ್ನು ಮಾತ್ರ ಬಿಟ್ಟುಬಿಟ್ಟೆವು.

"ಪಂಚಾಯಿತಿಯು ಬಡವಾದದ್ದು, ಲಕ್ಷಗಟ್ಟಲೆ ಎಲ್ಲಿಂದ ತರಬೇಕು?" ಎಂಬುದು ಕೊನೆಯದು, ಇದರಲ್ಲಿ ಮಾತ್ರ ಸ್ವಲ್ಪ ಸತ್ಯವುಂಟು. ಅದಕ್ಕಾಗಿಯೇ ವಿಮೆಯೆಂಬುದಿದೆ. ಪಂಚಾಯಿತಿಯ ಜೀಪಿಗೆ, ಕಸದ ಗಾಡಿಗೆ ವರ್ಷವರ್ಷವೂ ತಪ್ಪದೆ ವಿಮೆ ಕಟ್ಟುತ್ತೇವೆ. ಗಾಡಿಯನ್ನು ನಡೆಸುವವಳಿಗೆ ಕಟ್ಟುವುದಿಲ್ಲ. ಆಯವ್ಯಯದ ಪಟ್ಟಿಯಲ್ಲಿ ದೀಪಾಲಂಕಾರಕ್ಕೆ ಒಂದು ಸಾಲು ಇರುವಲ್ಲಿ ದೀಪ ಹಚ್ಚುವವನ ಜೀವಕ್ಕೂ ಒಂದು ಸಾಲು ಇರಬೇಕು. ಬಡತನವು ಸಾಲವನ್ನು ನಿರಾಕರಿಸಲು ಕಾರಣವಾಗದು. ಹಾಗಾಗುವುದಾದರೆ ಬಡ ರೈತನ ಸಾಲವನ್ನು ಯಾವ ಬ್ಯಾಂಕೂ ಕೇಳಕೂಡದಾಗಿತ್ತು.

ಪರಿಹಾರದ ಮಾತು ಹೀಗಿರಲಿ. ಪರಿಹಾರಕ್ಕಿಂತ ಮೊದಲು ಬರತಕ್ಕದ್ದು ರಕ್ಷಣೆ. ಎಷ್ಟು ಲಕ್ಷ ಕೊಟ್ಟರೂ ಹೆಬ್ಬೆರಳು ಮೊಳೆಯುವುದಿಲ್ಲ. ಪಂಪಿನ ಮನೆಗೆ ಸರಿಯಾದ ಭೂಸಂಪರ್ಕ, ವಿದ್ಯುತ್ತು ಸೋರಿದೊಡನೆ ತಾನಾಗಿ ಕಡಿದುಹೋಗುವ ಸ್ವಿಚ್ಚು, ಕಾಲಕೆಳಗೆ ರಬ್ಬರಿನ ಹಾಸು, ಕೈಗವಸು, ಒಂದು ಒಳ್ಳೆಯ ಬ್ಯಾಟರಿ ದೀಪ. ಇವೆಲ್ಲವುಗಳ ಬೆಲೆಯು ಒಂದು ಸನ್ಮಾನಸಮಾರಂಭದ ಶಾಮಿಯಾನದ ಬಾಡಿಗೆಗಿಂತ ಬಹಳ ಹೆಚ್ಚಾಗಲಾರದು.

ಪಟ್ಟಣಗಳಲ್ಲಿ ಒಳಚರಂಡಿಯ ಗುಂಡಿಗಳ ಕಥೆಯು ಇದಕ್ಕಿಂತಲೂ ಘೋರವಾದದ್ದು. ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದ 1970ರ ದಶಕದಲ್ಲಿಯೇ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ಕೀರ್ತಿ ನಮ್ಮ ರಾಜ್ಯದ್ದು. 2013ರ ಕೇಂದ್ರಶಾಸನವು ರಕ್ಷಣಾಸಾಧನಗಳಿಲ್ಲದೆ ಮನುಷ್ಯನನ್ನು ಒಳಚರಂಡಿಗೆ ಇಳಿಸುವುದನ್ನು ಅಪರಾಧವೆಂದು ಸಾರಿತು. ಆದರೂ 2017ರ ಮಾರ್ಚಿಯಲ್ಲಿ ಬೆಂಗಳೂರಿನ ಸಿ. ವಿ. ರಾಮನ್ ನಗರದಲ್ಲಿ ಮೂವರು ಒಂದೇ ಗುಂಡಿಯಲ್ಲಿ ಉಸಿರುಕಟ್ಟಿ ಸತ್ತರು. 2021ರಲ್ಲಿ ಕಲಬುರಗಿಯಲ್ಲಿಯೂ ರಾಮನಗರದಲ್ಲಿಯೂ ಅದೇ ಬಗೆಯ ಸಾವುಗಳು ನಡೆದುವು. ಈ ಗುಂಡಿಗಳಲ್ಲಿ ಹುಟ್ಟುವ ಹೈಡ್ರೊಜನ್ ಸಲ್ಫೈಡ್ ಎಂಬ ಅನಿಲವು ಗಾಳಿಗಿಂತ ಭಾರವಾದದ್ದು, ತಳದಲ್ಲಿ ನಿಲ್ಲುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಂದುಬಿಡುವುದರಿಂದ ನಾತವೂ ತಿಳಿಯದು. ಮೊದಲನೆಯವನು ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದ ಎರಡನೆಯವನೂ ಕುಸಿಯುತ್ತಾನೆ. ಒಬ್ಬೊಬ್ಬರಾಗಿ ಅಲ್ಲ, ಇಬ್ಬರು ಮೂವರಾಗಿ ಸಾಯುವುದು ಇದರಿಂದಲೇ. ಗೆಳೆಯನನ್ನು ಉಳಿಸಹೋಗಿ ಸತ್ತ ಈ ಎರಡನೆಯವನಿಗೆ ವೀರಗಲ್ಲು ನಿಲ್ಲಿಸಿದ ಊರು ಯಾವುದು?

ಸರ್ವೋಚ್ಚ ನ್ಯಾಯಾಲಯವು 2014ರ ಮಾರ್ಚಿ 27ರಂದು, 1993ರಿಂದ ಹೀಗೆ ಸತ್ತ ಪ್ರತಿಯೊಬ್ಬನ ಸಂಸಾರಕ್ಕೂ 10 ಲಕ್ಷ ರೂಪಾಯಿಗಳನ್ನು ಕೊಡಬೇಕೆಂದು ವಿಧಿಸಿತು. 2023ರ ಅಕ್ಟೋಬರ್ 20ರಂದು ಆ ಮೊತ್ತವನ್ನು 30 ಲಕ್ಷಕ್ಕೇರಿಸಿ, ಶಾಶ್ವತವಾಗಿ ಅಂಗವಿಕಲರಾದವರಿಗೆ 20 ಲಕ್ಷಕ್ಕೆ ಕಡಿಮೆಯಾಗದಂತೆ ಕೊಡಬೇಕೆಂದಿತು. ದಯೆಯಿಂದಲ್ಲ, ಹಕ್ಕಿನಿಂದ.

"ಸಾಹಿತ್ಯಸಂಘದ ಪತ್ರಿಕೆಯಲ್ಲಿ ಪಂಪು ಚರಂಡಿಗಳ ವಿಚಾರವೇಕೆ?" ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ನನ್ನ ಉತ್ತರವಿದು. ಆ ಅನ್ಯಾಯವು ನಡೆದದ್ದು ಲಾಠಿಯಿಂದಲ್ಲ, ಭಾಷೆಯಿಂದ. ಅದೂ ಒಳ್ಳೆಯ ಕನ್ನಡದಿಂದ. ಊರಿನಲ್ಲಿ ಬರೆಯಬಲ್ಲವರೆಂದರೆ ನಾವು: ಮಾಸ್ತರರು, ಶ್ಯಾನುಭೋಗರ ಮನೆತನದವರು, ಕವಿಗಳು, ವಕೀಲರು. ನಮ್ಮ ಲೇಖನಿಯು ಯಾವ ಪಕ್ಷಕ್ಕೆ ಬರೆಯುತ್ತದೆಂಬುದು ಸಾಹಿತ್ಯದ ಪ್ರಶ್ನೆಯಲ್ಲದೆ ಮತ್ತೇನು? 2017ರ ತಿದ್ದುಪಡಿಯು, ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಪರಿಹಾರದ ಹಕ್ಕನ್ನು ನೌಕರನಿಗೆ ಅವನು ತಿಳಿಯುವ ಭಾಷೆಯಲ್ಲಿ ಬರೆದು ತಿಳಿಸತಕ್ಕದ್ದೆಂದು ವಿಧಿಸಿತು. ಅವನು ತಿಳಿಯುವ ಭಾಷೆ ಕನ್ನಡ. ಕನ್ನಡದ ಅಭಿವೃದ್ಧಿಗೆಂದು ಹುಟ್ಟಿದ ಸಂಘಕ್ಕೆ ಇದಕ್ಕಿಂತ ಹತ್ತಿರವಾದ ಕೆಲಸವು ಯಾವುದಿದೆ?

ಆದುದರಿಂದ ನಮ್ಮ ಸಂಘದ ಸದಸ್ಯರಲ್ಲಿ ನನ್ನ ವಿಜ್ಞಾಪನೆ ಇಷ್ಟು. ನಿಮ್ಮ ನಿಮ್ಮ ಊರಿನ ಪಂಚಾಯಿತಿಗೆ ಹೋಗಿ ಹಾಜರಿಯ ಪುಸ್ತಕವನ್ನು ನೋಡಿರಿ. ಬೆಳಗ್ಗೆ ನೀರು ಬಿಟ್ಟವನ ಹೆಸರು, ಬೀದಿ ಗುಡಿಸಿದವಳ ಹೆಸರು ಅದರಲ್ಲಿ ಇದೆಯೇ? ಇಲ್ಲದಿದ್ದರೆ ಬರೆಯಿಸಿರಿ. ಹೆಸರಿಲ್ಲದವನು ಗಾಯಗೊಂಡ ದಿನ ಯಾರೂ ಅಲ್ಲದವನಾಗುತ್ತಾನೆ. ಮುಚ್ಚಳ ಒಡೆದಿದೆ, ತಂತಿ ಜೋತಿದೆ ಎಂದು ಅವರು ಬಾಯಿಯಿಂದ ಹೇಳಿದುದನ್ನು ನೀವು ಕಾಗದದ ಮೇಲೆ ಬರೆದು, ತಾರೀಖು ಹಾಕಿ, ಮುಟ್ಟಿದ ಗುರುತನ್ನು ಪಡೆದುಕೊಳ್ಳಿರಿ. ಅಪಘಾತವಾದರೆ ಅದೇ ದಿನ ಆಸ್ಪತ್ರೆಯ ಪುಸ್ತಕದಲ್ಲಿ "ಕೆಲಸದ ಕಾಲದಲ್ಲಿ ಆದದ್ದು" ಎಂದು ಬರೆಯಿಸಿರಿ. ಹಣವನ್ನು ಚಾವಡಿಯಲ್ಲಿ ಕೈಯಿಂದ ಕೈಗೆ ಕೊಡಲು ಬಂದರೆ, ಶಾಸನವು ನೇಮಿಸಿದ ಅಧಿಕಾರಿಯಲ್ಲಿ ಠೇವಣಿಯಿಡುವಂತೆ ಹೇಳಿರಿ. ಅರ್ಜಿಯನ್ನು ತಡಮಾಡದೆ ಬರೆದುಕೊಡಿರಿ. ಒಪ್ಪಿಗೆಯ ಪತ್ರವನ್ನು ಬರೆದುಕೊಡಿರೆಂದು ನಿಮ್ಮ ಕನ್ನಡವನ್ನು ಹೊಗಳಿ ಯಾರಾದರೂ ಬಂದರೆ ಲೇಖನಿಯ ಮುಚ್ಚಳವನ್ನು ತೆಗೆಯಬೇಡಿರಿ.

ಶಾಲು ಹಾರಗಳು ಬೇಡವೆಂದು ನಾನು ಹೇಳುವುದಿಲ್ಲ. ವರ್ಷಕ್ಕೊಮ್ಮೆ ಮರ್ಯಾದೆ ಮಾಡಿದರೆ ಒಳ್ಳೆಯದೇ. ಆದರೆ ಸಾಲ ತೀರಿಸದೆ ಹಾಕಿದ ಹಾರವು ಸಾಲಕೊಟ್ಟವನ ಬಾಯಿಗೆ ಕಟ್ಟಿದ ಬಟ್ಟೆ.

ನನ್ನ ಶಿಷ್ಯನ ಮಾತನ್ನು ಹೇಳಿ ಮುಗಿಸುತ್ತೇನೆ. ಎರಡು ವರ್ಷ ಕಳೆದಿದ್ದರೂ, ತಡವಾದುದಕ್ಕೆ ತಕ್ಕ ಕಾರಣವಿದ್ದಲ್ಲಿ ಅರ್ಜಿಯನ್ನು ಸ್ವೀಕರಿಸುವ ಅಧಿಕಾರವನ್ನು ಶಾಸನವು ಕೊಟ್ಟಿತ್ತು. ಇದನ್ನು ಓದಿದ ದಿನವೇ ಅವನ ಮನೆಗೆ ಹೋದೆನು. ಅವನು ಈಗ ಎಡಗೈಯಿಂದ ಬೀಗವನ್ನು ತೆಗೆಯುವುದನ್ನು ರೂಢಿಮಾಡಿಕೊಂಡು ಅದೇ ಪಂಪಿನ ಮನೆಯಲ್ಲಿಯೇ ಇದ್ದಾನೆ. ನಾನು ಬರೆದ ಪತ್ರವು ಬೆಲೆಯಿಲ್ಲದ್ದೆಂದೂ, ತಪ್ಪು ನನ್ನದೆಂದೂ ಹೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದು, "ನೀವು ಬರೆದದ್ದು ತಪ್ಪಾಗುತ್ತದೆಯೆ, ಮಾಸ್ತರೇ?" ಎಂದು ಕೇಳಿದನು. ಮೂವತ್ತು ವರ್ಷ ಮಕ್ಕಳ ತಪ್ಪುಗಳನ್ನು ಕೆಂಪು ಶಾಯಿಯಿಂದ ತಿದ್ದಿದವನಿಗೆ ಇದಕ್ಕಿಂತ ಕಠಿನವಾದ ಪ್ರಶ್ನೆ ಬಂದಿರಲಿಲ್ಲ. ತಡವಾದುದಕ್ಕೆ ಕಾರಣವೇನೆಂಬ ಅಂಕಣದಲ್ಲಿ ನಾನು ನನ್ನ ಹೆಸರನ್ನೇ ಬರೆದಿದ್ದೇನೆ. ಈ ಪತ್ರವನ್ನು ರಚಿಸಿದವನು ನಾನು, ಇವನು ನನ್ನನ್ನು ನಂಬಿ ಸುಮ್ಮನಿದ್ದನು ಎಂದು ಪ್ರಮಾಣಮಾಡಿ ಹೇಳಲು ಸಿದ್ಧನಾಗಿದ್ದೇನೆ. ಅರ್ಜಿಯ ಕೊನೆಯಲ್ಲಿ ಅವನು ಹೆಬ್ಬೆಟ್ಟನ್ನು ಒತ್ತಲಿಲ್ಲ. ಎಡಗೈಯಲ್ಲಿ ಲೇಖನಿಯನ್ನು ಹಿಡಿದು, ಒಂದೊಂದೇ ಅಕ್ಷರವಾಗಿ, ಹೆಸರನ್ನು ಬರೆದನು. ಅಕ್ಷರಗಳು ಸೊಟ್ಟಗಿದ್ದುವು. ನಾನು ತಿದ್ದಲಿಲ್ಲ.